ಗವೇನ್ ಓದಲು ಹೊರಟು ಜಿಂಕೆ ಬೇಟೆಯಲ್ಲಿ ಸಿಕ್ಕಿಹಾಕಿಕೊಂಡೆ. ಯಾರ ಅನುವಾದ ಓದಬೇಕು?

ಸಂಜೆಮಲ್ಲಿಗೆ (ಶನಿವಾರ, ರಾತ್ರಿ 9.40)

ಎಲ್ಲರಿಗೂ ನಮಸ್ಕಾರ. ನಾನು ಕಾಮರ್ಸ್ ಓದಿದವಳು. ಇಂಗ್ಲಿಷ್ ಸಾಹಿತ್ಯ ಅಂದರೆ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ನಾಲ್ಕು ಪದ್ಯ, ಅಷ್ಟೇ. ಮೊನ್ನೆ 'ದ ಗ್ರೀನ್ ನೈಟ್' ಸಿನಿಮಾ ನೋಡಿದೆ. 2021ರದ್ದು, ದೇವ್ ಪಟೇಲ್ ಇದ್ದಾನಲ್ಲ, ಅದು. ತಲೆ ಕಡಿಸಿಕೊಂಡವನು ತಲೆಯನ್ನು ತಾನೇ ಎತ್ತಿಕೊಂಡು ಹೋಗುವುದು ನೋಡಿ ದಂಗಾದೆ. ಇದರ ಮೂಲ 'ಸರ್ ಗವೇನ್ ಅಂಡ್ ದ ಗ್ರೀನ್ ನೈಟ್' ಅನ್ನುವ ಹಳೇ ಪದ್ಯ, ಆರ್ಥರ್ ರಾಜನ ಆಸ್ಥಾನದ ವೀರ ಗವೇನ್‌ನ ಕತೆ ಅಂತ ಗೊತ್ತಾಯಿತು. ಹಳೇ ಪುಸ್ತಕದ ಅಂಗಡಿಯಲ್ಲಿ ಟೋಲ್ಕಿನ್ ಅನುವಾದ ಸಿಕ್ಕಿತು. ಉಂಗುರದ ಕತೆ ಬರೆದ ಅದೇ ಟೋಲ್ಕಿನ್.

ಮೊದಲ ಭಾಗ ಒಂದೇ ಉಸಿರಿಗೆ ಮುಗಿಯಿತು. ಮೂರನೇ ಭಾಗಕ್ಕೆ ಬಂದು ನಿಂತುಬಿಟ್ಟಿದ್ದೇನೆ. ಜಿಂಕೆ ಬೇಟೆ ಮುಗಿಯುವುದೇ ಇಲ್ಲ. ಚರ್ಮ ಸುಲಿದರು, ಕರುಳು ತೆಗೆದರು, ಪಕ್ಕೆಲುಬು ಬಿಡಿಸಿದರು... ವಾಕ್ಯಗಳೂ ತಿರುಗಾ ಮುರುಗಾ. ಗೆಳತಿಯೊಬ್ಬಳು ಸೈಮನ್ ಆರ್ಮಿಟೇಜ್ ಅನುವಾದದ ಒಂದು ಪುಟದ ಫೋಟೊ ಕಳಿಸಿದಳು. ಅದು ಬೇರೆಯದೇ ಪದ್ಯದ ಹಾಗಿದೆ! ಪಕ್ಕದ ಮನೆಯವರು ಮಾತಾಡಿದಷ್ಟು ಸಲೀಸು. ಇವೆರಡರಲ್ಲಿ ಯಾವುದು ನಿಜವಾದ ಪದ್ಯ? ಇನ್ನೊಂದು ಪೆದ್ದು ಪ್ರಶ್ನೆ: ಇಂಗ್ಲಿಷಿನಿಂದ ಇಂಗ್ಲಿಷಿಗೆ ಅನುವಾದ ಯಾಕೆ ಬೇಕು?

ಸುಮ್ನೆ_ಓದುಗ (ಶನಿವಾರ, ರಾತ್ರಿ 9.52)

ಇಂಗ್ಲಿಷಿನಿಂದ ಇಂಗ್ಲಿಷಿಗೆ ಅನುವಾದ ನಮ್ಮ ಆಫೀಸಿನಲ್ಲಿ ದಿನಾ ನಡೆಯುತ್ತೆ ಮೇಡಂ. ಬಾಸ್ ಕಳಿಸಿದ ಮೇಲ್ ಅರ್ಥ ಆಗಬೇಕಲ್ಲ.

ಹಳೇಮೇಷ್ಟ್ರು (ಶನಿವಾರ, ರಾತ್ರಿ 10.30)

ಪ್ರಶ್ನೆ ಪೆದ್ದಲ್ಲ ಕಣಮ್ಮ. 30 ವರ್ಷ ಪಾಠ ಮಾಡಿದ್ದೇನೆ, ಪ್ರತಿ ವರ್ಷ ಮೊದಲ ದಿನ ಯಾರಾದರೊಬ್ಬರು ಇದನ್ನೇ ಕೇಳುತ್ತಿದ್ದರು. ಅವರಿಗೆ ಒಂದು ಮಾತು ಹೇಳುತ್ತಿದ್ದೆ. ಪಂಪಭಾರತ ಕೈಗೆತ್ತಿಕೊಳ್ಳಿ. ಅದೂ ಕನ್ನಡವೇ ತಾನೆ? ಓದಿ ನೋಡೋಣ. ಡಿ.ಎಲ್. ನರಸಿಂಹಾಚಾರ್ಯರ 'ದೀಪಿಕೆ' ಪಕ್ಕದಲ್ಲಿಲ್ಲದಿದ್ದರೆ ನಮ್ಮಲ್ಲಿ ಎಷ್ಟು ಜನ ಎರಡು ಪದ್ಯ ದಾಟುತ್ತೇವೆ?

ಇಂಗ್ಲಿಷಿನದೂ ಅದೇ ಕತೆ, ಆದರೆ ಮೂರು ಮೆಟ್ಟಿಲು. ಬೇವುಲ್ಫ್ ಅನ್ನುವ ವೀರಕಾವ್ಯ ಇರುವುದು ಹಳೇ ಇಂಗ್ಲಿಷಿನಲ್ಲಿ. ಅದರ ಕೈಬರಹ ಹೆಚ್ಚು ಕಡಿಮೆ 1000ನೇ ಇಸವಿಯದು. ಪಂಪ ತನ್ನ ಭಾರತ ಮುಗಿಸಿದ್ದು 941ರಲ್ಲಿ, ಹಾಗಾಗಿ ಕಾಲದಲ್ಲಿ ತೀರಾ ದೂರದವರಲ್ಲ. ಬೇವುಲ್ಫ್ ಅನ್ನು ಇಂದಿನ ಇಂಗ್ಲಿಷ್‌ನವನು ಬೇರೆ ಭಾಷೆಯ ಹಾಗೇ ಕಲಿಯಬೇಕು. ಆಮೇಲೆ 1066ರಲ್ಲಿ ನಾರ್ಮನ್ನರು ಬಂದರು. ಫ್ರೆಂಚ್ ಪದಗಳು ನುಗ್ಗಿದವು, ವ್ಯಾಕರಣ ಸವೆಯಿತು. 14ನೇ ಶತಮಾನದ ಹೊತ್ತಿಗೆ ಇದ್ದದ್ದು ನಡು ಇಂಗ್ಲಿಷ್. ಕ್ಯಾಂಟರ್‌ಬರಿ ಟೇಲ್ಸ್ ಬರೆದ ಚಾಸರ್, ಗವೇನ್ ಪದ್ಯದ ಕವಿ, ಪಿಯರ್ಸ್ ಪ್ಲೌಮನ್ ಬರೆದ ಲ್ಯಾಂಗ್‌ಲಂಡ್, ಮೂವರೂ ಇಲ್ಲಿಯವರೇ. ಮೂರನೆಯದು ಶೇಕ್ಸ್‌ಪಿಯರ್‌ನಿಂದ ಈಚೆಗೆ.

ಈಗ ವಿಚಿತ್ರ ನೋಡಿ. ಚಾಸರ್ ಮತ್ತು ಗವೇನ್ ಕವಿ ಒಂದೇ ಕಾಲದವರು. ಚಾಸರನನ್ನು ಒದ್ದಾಡಿಕೊಂಡಾದರೂ ಓದಬಹುದು, ಗವೇನ್ ಆಗುವುದಿಲ್ಲ. ಯಾಕೆಂದರೆ ಚಾಸರ್ ಬರೆದದ್ದು ಲಂಡನ್ ಮಾತಿನಲ್ಲಿ, ಇವತ್ತಿನ ಶಿಷ್ಟ ಇಂಗ್ಲಿಷ್ ಅದೇ ಕಡೆಯಿಂದ ಬೆಳೆದದ್ದು. ಗವೇನ್ ಕವಿಯದು ವಾಯವ್ಯದ, ಅಂದರೆ ಚೆಷರ್, ಸ್ಟಾಫರ್ಡ್‌ಷರ್ ಕಡೆಯ ನುಡಿ. ಆ ನುಡಿಗೆ ರಾಜಧಾನಿ ಸಿಗಲಿಲ್ಲ. ಹೆಸರೂ ಉಳಿಯಲಿಲ್ಲ, ಕವಿ ಯಾರೆಂದು ಇವತ್ತಿಗೂ ಗೊತ್ತಿಲ್ಲ. ಇಡೀ ಲೋಕದಲ್ಲಿ ಉಳಿದಿರುವುದು ಒಂದೇ ಒಂದು ಕೈಬರಹ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದೂ ಬೇವುಲ್ಫೂ ಇದ್ದ ಪುಸ್ತಕ ಸಂಗ್ರಹಕ್ಕೆ 1731ರಲ್ಲಿ ಬೆಂಕಿ ಬಿತ್ತು. ಬೇವುಲ್ಫ್ ಅಂಚು ಸುಟ್ಟುಕೊಂಡಿತು. ಗವೇನ್ ಬಚಾವಾಯಿತು. ಅಚ್ಚಿಗೆ ಬಂದದ್ದು 1839ರಲ್ಲಿ. ಬರೆದು ನಾಲ್ಕು ಶತಮಾನ ದಾಟಿದ ಮೇಲೆ!

ಟೋಲ್ಕಿನ್ನೋ ಆರ್ಮಿಟೇಜೋ ಅನ್ನುವುದನ್ನು ಬೇರೆಯವರು ಹೇಳಲಿ. ನನಗೆ ಇಬ್ಬರ ಮೇಲೂ ಸಿಟ್ಟಿದೆ.

ಕಿತ್ತಳೆಸಿಪ್ಪೆ (ಭಾನುವಾರ, ಬೆಳಿಗ್ಗೆ 7.15)

ಮೇಷ್ಟ್ರೇ, ಸಿಟ್ಟು ಆಮೇಲೆ. ಮಲ್ಲಿಗೆ ಅಕ್ಕನಿಗೆ ಮೊದಲು ಪದ್ಯ ಹೇಗೆ ನಡೆಯುತ್ತದೆ ಅಂತ ಹೇಳಬೇಕು, ಇಲ್ಲದಿದ್ದರೆ ಅನುವಾದಗಳು ಯಾಕೆ ಇಷ್ಟು ಬೇರೆ ಬೇರೆ ಅನ್ನುವುದು ತಿಳಿಯುವುದಿಲ್ಲ.

ಮೊದಲ ಸಾಲನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತೇನೆ. ಜೋರಾಗಿ ಓದಿ:

ಸಿದೆನ್ ದ ಸೇಜ್ ಅಂಡ್ ದ ಅಸೌಟ್ ವಾಸ್ ಸೇಸೆಡ್ ಅಟ್ ಟ್ರೊಯ್

ಸೇಜ್, ಅಸೌಟ್, ಸೇಸೆಡ್. ಒತ್ತು ಬೀಳುವ ಈ ಮೂರೂ ಜಾಗದಲ್ಲಿ 'ಸ' ಕೇಳುತ್ತಿದೆಯಲ್ಲ? ಟ್ರಾಯ್ ಪಟ್ಟಣದ ಮುತ್ತಿಗೆ, ದಾಳಿ ನಿಂತ ಮೇಲೆ ಅಂತ ಅರ್ಥ. ಈ ಪದ್ಯದ ಉದ್ದ ಸಾಲುಗಳಿಗೆ ಕೊನೆಯಲ್ಲಿ ಪ್ರಾಸ ಇಲ್ಲ. ಸಾಲನ್ನು ಕಟ್ಟಿ ಹಿಡಿಯುವುದು ಒತ್ತಿನ ಪದಗಳ ಮೊದಲ ಸದ್ದು. ನಮ್ಮಲ್ಲಿ ಹಳೇ ಪದ್ಯಕ್ಕೆ ಎರಡನೇ ಅಕ್ಷರದ ಪ್ರಾಸ ಬೇಕೇ ಬೇಕು ಅಲ್ವಾ, ಅವರಿಗೆ ಹೀಗೆ. ಇಡೀ ಪದ್ಯ 2530 ಸಾಲು.

ಅಷ್ಟು ಸಾಲಿಗೆ ಒಂದೇ ಸದ್ದಿನ ಪದ ಎಲ್ಲಿಂದ ತರುವುದು? ಅದಕ್ಕೇ ಆ ಕವಿಗಳ ಹತ್ತಿರ 'ಗಂಡಸು' ಅನ್ನುವುದಕ್ಕೆ ಒಂದು ಮೂಟೆ ಪದ ಇತ್ತು: ಬರ್ನ್, ಫ್ರೇಕ್, ಗೋಮ್, ಹಾಥೆಲ್, ಲೇಡ್, ರೆಂಕ್, ಶಾಲ್ಕ್, ಸೆಗ್, ಟುಲ್ಕ್. ಸಾಲಿಗೆ 'ಬ' ಬೇಕಾದರೆ ಬರ್ನ್, 'ರ' ಬೇಕಾದರೆ ರೆಂಕ್. ನಮ್ಮ ಕವಿಗಳು ನೀರಿಗೆ ಜಲ, ಉದಕ, ತೋಯ, ಸಲಿಲ ಅಂತ ಸಮಯಕ್ಕೆ ತಕ್ಕದ್ದನ್ನು ತೆಗೆದ ಹಾಗೆ. ಆ ಪದಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿ ಸತ್ತುಹೋಗಿವೆ. ಗೋಮ್ ಮಾತ್ರ ವೇಷ ಬದಲಿಸಿಕೊಂಡು 'ಬ್ರೈಡ್‌ಗ್ರೂಮ್' ಒಳಗೆ ಬದುಕಿದೆ.

ಈಗ ಅನುವಾದಕನ ಪಾಡು ಯೋಚನೆ ಮಾಡಿ. ಸದ್ದು ಉಳಿಸಬೇಕು, ಮೂಟೆ ಕಳೆದುಹೋಗಿದೆ. ಟೋಲ್ಕಿನ್ ಹಳೇ ಪದಗಳನ್ನೇ ಮತ್ತೆ ಎಬ್ಬಿಸಿದರು, ಸದ್ದಿಗಾಗಿ ವಾಕ್ಯ ಹಿಂದೆಮುಂದೆ ಮಾಡಿದರು. ನಿಮಗೆ ತಿರುಗಾ ಮುರುಗಾ ಅನ್ನಿಸಿದ್ದು ಅದೇ. ಅವರು ಬರೀ ಕತೆಗಾರರಲ್ಲ, ಇ.ವಿ. ಗಾರ್ಡನ್ ಜೊತೆ ಸೇರಿ 1925ರಲ್ಲೇ ಈ ಪದ್ಯದ ಮೂಲಪಾಠ ಸಂಪಾದಿಸಿದವರು. ಅನುವಾದ ಅಚ್ಚಾದದ್ದು ಅವರು ಹೋದ ಮೇಲೆ, 1975ರಲ್ಲಿ. ಆರ್ಮಿಟೇಜ್ 2007ರಲ್ಲಿ ಸದ್ದು ಉಳಿಸಿಕೊಂಡು ಮಾತನ್ನು ಇವತ್ತಿನದು ಮಾಡಿದರು. ಅವರೂ ಉತ್ತರದವರೇ, ಯಾರ್ಕ್‌ಷರ್. ಕವಿಯ ಕಡೆಯ ಗಾಳಿ ಸ್ವಲ್ಪ ಬೀಸುತ್ತದೆ. ಆದರೆ ಕೆಲವು ಕಡೆ ಜಾಸ್ತಿಯೇ ಸಲೀಸು.

ಸುಮ್ನೆ_ಓದುಗ (ಭಾನುವಾರ, ಬೆಳಿಗ್ಗೆ 8.02)

ಗುರು, ಇಷ್ಟೆಲ್ಲ ಕಷ್ಟ ಯಾಕೆ? ಕತೆ ತಾನೆ ಮುಖ್ಯ? ನೀಟಾಗಿ ಗದ್ಯದಲ್ಲಿ ಬರೆದುಬಿಟ್ಟರೆ ಆಗಲ್ವಾ. ತಲೆ ಕಡಿದ, ಒಂದು ವರ್ಷ ಬಿಟ್ಟು ಹೋದ, ಮುಗೀತು.

ಕಿತ್ತಳೆಸಿಪ್ಪೆ (ಭಾನುವಾರ, ಬೆಳಿಗ್ಗೆ 8.20)

ಹಾಡಿನ ಸಾಹಿತ್ಯ ಮಾತ್ರ ಓದಿ ಹಾಡು ಕೇಳಿದೆ ಅಂದ ಹಾಗಾಯ್ತು. ಗದ್ಯ ಕೆಟ್ಟದು ಅಂತಲ್ಲ. ಗದ್ಯ ಪ್ರಾಮಾಣಿಕ, "ನಾನು ಅರ್ಥ ಮಾತ್ರ ಹೇಳುತ್ತೇನೆ" ಅನ್ನುತ್ತದೆ. ಟೋಲ್ಕಿನ್ ಕೂಡ ಬೇವುಲ್ಫ್ ಅನ್ನು ಗದ್ಯದಲ್ಲೇ ಮಾಡಿಟ್ಟಿದ್ದರು, ಮಗ ಅದನ್ನು 2014ರಲ್ಲಿ ಹೊರತಂದರು. ಆದರೆ ಗವೇನ್‌ನಲ್ಲಿ ಒಂದು ಆಟ ಇದೆ. ಉದ್ದ ಸಾಲುಗಳು ಓಡಿ ಓಡಿ ಬಂದು, ಚರಣದ ಕೊನೆಯಲ್ಲಿ ಇದ್ದಕ್ಕಿದ್ದ ಹಾಗೆ ಎರಡೇ ಅಕ್ಷರದಷ್ಟು ಪುಟಾಣಿ ಸಾಲು. ಅದಕ್ಕೆ 'ಬಾಬ್' ಅನ್ನುತ್ತಾರೆ. ಅದರ ಹಿಂದೆ ನಾಲ್ಕು ಗಿಡ್ಡ ಸಾಲು, ಈ ಐದಕ್ಕೆ ಮಾತ್ರ ಅಂತ್ಯಪ್ರಾಸ. ಮೃದಂಗದವರು ಮುಕ್ತಾಯ ಕೊಟ್ಟು ಕೈ ಎತ್ತುತ್ತಾರಲ್ಲ, ಹಾಗೆ. ಕವಿ ಎಷ್ಟೋ ಸಲ ಗುಟ್ಟನ್ನು ಅಲ್ಲೇ ಬಿಡುತ್ತಾನೆ. ಸಭೆಗೆ ಬಂದ ಆ ದೈತ್ಯನ ಮೈಕಟ್ಟು, ಸೊಂಟ, ಎಲ್ಲ ವರ್ಣಿಸಿ ಮುಗಿಸಿ, ಚರಣದ ಕಟ್ಟಕಡೆಯ ಪದದವರೆಗೆ ಸುಮ್ಮನಿದ್ದು ಆಮೇಲೆ ಹೇಳುತ್ತಾನೆ: ಅವನು ಪೂರ್ತಿ ಹಸಿರು. ಗದ್ಯದಲ್ಲಿ ಇದನ್ನು ಎಲ್ಲಿ ಇಡುತ್ತೀರಿ?

ಸುಮ್ನೆ_ಓದುಗ (ಭಾನುವಾರ, ಬೆಳಿಗ್ಗೆ 8.26)

ಸರಿ, ಅದು ಚೆನ್ನಾಗಿದೆ. ಹಾಗಾದರೆ ಕನ್ನಡದಲ್ಲಿ ಒಂದು ಸಾಲು ಮಾಡಿ ತೋರಿಸಿ. ಸದ್ದಿನ ಸಮೇತ.

ಕಿತ್ತಳೆಸಿಪ್ಪೆ (ಭಾನುವಾರ, ಬೆಳಿಗ್ಗೆ 9.45)

ತಿಂಡಿ ಬಿಟ್ಟು ಕೂತು ಮಾಡಿದ್ದೇನೆ. ಮೊದಲ ಸಾಲು:

ಮುತ್ತಿಗೆ ಮುಗಿದು ಮೌನ ಮುಸುಕಿತು ಟ್ರಾಯಿಗೆ

ಹಳೇಮೇಷ್ಟ್ರು (ಭಾನುವಾರ, ಬೆಳಿಗ್ಗೆ 10.10)

ಮೌನ ಎಲ್ಲಿಂದ ಬಂತಪ್ಪ? ಮೂಲದಲ್ಲಿ ಮೌನವೂ ಇಲ್ಲ, ಮುಸುಕೂ ಇಲ್ಲ. ಮುತ್ತಿಗೆ ಇತ್ತು, ದಾಳಿ ಇತ್ತು, ನಿಂತಿತು. ನಿಮ್ಮದರಲ್ಲಿ ದಾಳಿ ಕಾಣೆಯಾಗಿ ಮೌನ ಬಂದು ಕೂತಿದೆ. ನನಗೆ ಆ ಇಬ್ಬರ ಮೇಲೂ ಸಿಟ್ಟು ಅಂದೆನಲ್ಲ, ಇದಕ್ಕೇ. ಸದ್ದು ಕರೆದಲ್ಲಿಗೆಲ್ಲ ಹೋಗುತ್ತಾರೆ.

ಕಿತ್ತಳೆಸಿಪ್ಪೆ (ಭಾನುವಾರ, ಬೆಳಿಗ್ಗೆ 10.18)

ಒಪ್ಪಿದೆ, ಕಳ್ಳ ಸಿಕ್ಕಿಬಿದ್ದ. ಎರಡನೇ ಸಾಲು ನೋಡಿ. ಪಟ್ಟಣ ಒಡೆದು, ಸುಟ್ಟು, ಕೊಳ್ಳಿ ಬೂದಿಯಾದ ಮೇಲೆ ಅಂತ ಮೂಲದಲ್ಲಿದೆ, 'ಬ್ರ' ಸದ್ದು ಮೊಳಗುತ್ತದೆ.

ಕೋಟೆ ಕುಸಿದು ಕೊಳ್ಳಿ ಕೆಂಡ ಬೂದಿಯಾಗಿ

ಹಳೇಮೇಷ್ಟ್ರು (ಭಾನುವಾರ, ಬೆಳಿಗ್ಗೆ 10.31)

ಇದು ಪರವಾಗಿಲ್ಲ. 'ಕೊಳ್ಳಿ' ಮೂಲದ ಪದಕ್ಕೆ ಸರಿಯಾಗಿ ಕೂತಿದೆ. ಕೆಂಡ ಹೆಚ್ಚುವರಿ, ಆದರೆ ಬೆಂಕಿಯ ಮನೆಯದೇ, ಇರಲಿ. ತಿಂಡಿ ತಿನ್ನಿ ಹೋಗಿ.

ಮ್ಯಾಂಚೆಸ್ಟರ್_ಮಂಜ (ಭಾನುವಾರ, ಸಂಜೆ 6.05)

ಈ ಮಾತುಕತೆ ನೋಡಿ ಖುಷಿಯಾಯಿತು. ಇಲ್ಲಿ ಮ್ಯಾಂಚೆಸ್ಟರಿಗೆ ಬಂದು 11 ವರ್ಷ ಆಯಿತು. ಊರು ದಾವಣಗೆರೆ. ನನಗೆ ಸಾಹಿತ್ಯ ಗೊತ್ತಿಲ್ಲ, ಆದರೆ ಆ ಪದ್ಯದ ಜಾಗ ಗೊತ್ತು.

ತಿರುಗೇಟು ತಿನ್ನಲು ಒಂದು ವರ್ಷ ಬಿಟ್ಟು ಬಾ ಅಂತ ಆ ಹಸಿರು ದೈತ್ಯ ಹೇಳಿದ್ದ ಜಾಗ ಹಸಿರು ಗುಡಿ. ಗವೇನ್ ಅದನ್ನು ಹುಡುಕಿಕೊಂಡು ಹೋಗುವ ದಾರಿ ನಿಜವಾದ ದಾರಿ. ಉತ್ತರ ವೇಲ್ಸ್ ದಾಟುತ್ತಾನೆ, ಆಂಗಲ್‌ಸೀ ದ್ವೀಪಗಳನ್ನು ಎಡಕ್ಕೆ ಬಿಡುತ್ತಾನೆ, ವಿರಲ್ ಕಾಡಿಗೆ ಬರುತ್ತಾನೆ. ವಿರಲ್ ಅಂದರೆ ಈಗ ಲಿವರ್‌ಪೂಲ್ ಎದುರಿಗೆ, ನದಿಯಾಚೆ. ಅಲ್ಲಿ ದೇವರಿಗಾಗಲಿ ಒಳ್ಳೆಯವರಿಗಾಗಲಿ ಬೇಕಾದವರು ಕಮ್ಮಿ ಅಂತ ಕವಿ ಕಾಲೆಳೆಯುತ್ತಾನೆ. ವಿರಲ್‌ನಲ್ಲಿ ಮನೆ ಮಾಡಿರುವ ನನ್ನ ಸಹೋದ್ಯೋಗಿಗೆ ಇದನ್ನು ಓದಿ ಹೇಳಿದೆ, ಮೂರು ದಿನ ಮಾತಾಡಲಿಲ್ಲ.

ಹಸಿರು ಗುಡಿ ಯಾವುದು ಅಂತ ಖಚಿತ ಇಲ್ಲ. ಆದರೆ ಬಹಳ ಜನ ಲಡ್ಸ್ ಚರ್ಚ್ ಅನ್ನುತ್ತಾರೆ. ಹೆಸರಿಗೆ ಚರ್ಚ್. ಗುಡಿ ಗೋಪುರ ಏನೂ ಇಲ್ಲ, ಸ್ಟಾಫರ್ಡ್‌ಷರ್‌ನ ಕಾಡಿನ ನಡುವೆ ಬಂಡೆ ಬಿರುಕು ಬಿಟ್ಟು ಆಗಿರುವ ಸೀಳು. ಹತ್ತಿರ ಹತ್ತಿರ 18 ಮೀಟರ್ ಆಳ. ಒಳಗಿಳಿದರೆ ಎರಡೂ ಕಡೆ ಗೋಡೆಯ ತುಂಬ ಪಾಚಿ, ಜರಿಗಿಡ. ಬೇಸಿಗೆಯಲ್ಲೂ ತಣ್ಣಗೆ. ಪದ್ಯದಲ್ಲೂ ಗವೇನ್ ಅದನ್ನು ನೋಡಿ "ಇದು ಹಳೇ ಗುಹೆಯೋ ಬಂಡೆಯ ಬಿರುಕೋ" ಅಂತ ತಲೆ ಕೆರೆದುಕೊಳ್ಳುತ್ತಾನೆ. ಅಷ್ಟರಲ್ಲಿ ಮೇಲಿನಿಂದ ಸಾಣೆಕಲ್ಲಿಗೆ ಕುಡುಗೋಲು ಮಸೆದ ಹಾಗೆ ಸದ್ದು. ಕೊಡಲಿ ಮಸೆಯುತ್ತಿದ್ದಾನೆ! ನಾನು ಹೋದ ದಿನ ಮಳೆ ಹನಿಯುತ್ತಿತ್ತು, ಜೊತೆಗೆ ಬಂದ ಮಗಳು ಫೋನಿನಲ್ಲಿ ಆರ್ಮಿಟೇಜ್ ಅನುವಾದದ ಆ ಭಾಗ ಓದಿದಳು. ಹಿಂದೆ ಯಾರೋ ನಾಯಿ ಕರೆದ ಸದ್ದಿಗೆ ಇಬ್ಬರೂ ಹಾರಿಬಿದ್ದೆವು.

ನನಗೆ ಇಡೀ ಪದ್ಯದಲ್ಲಿ ತುಂಬ ಹಿಡಿಸಿದ್ದು ಚಳಿ. ಹಾವು, ತೋಳ, ಕಾಡುಮನುಷ್ಯರು, ದೈತ್ಯರು ಎಲ್ಲರ ಜೊತೆ ಹೊಡೆದಾಡಿದ, ಆದರೆ ಅದಕ್ಕಿಂತ ಚಳಿಗಾಲವೇ ಕಷ್ಟ ಆಯಿತು ಅನ್ನುತ್ತಾನೆ ಕವಿ. ಕಬ್ಬಿಣದ ಕವಚದಲ್ಲೇ ಬೋಳು ಬಂಡೆಗಳ ನಡುವೆ ಮಲಗಿದ. ಇಲ್ಲಿ ಮೊದಲ ಜನವರಿಯಲ್ಲಿ ಬಸ್ ಸ್ಟಾಪಿನಲ್ಲಿ ನಿಂತಾಗ ನನಗೂ ಅದೇ ಅನ್ನಿಸಿತ್ತು. ಕಿತ್ತಳೆಯವರೇ, ಆ ಸಾಲು ಕನ್ನಡಕ್ಕೆ ಮಾಡಿ ನೋಡೋಣ.

ಕಿತ್ತಳೆಸಿಪ್ಪೆ (ಭಾನುವಾರ, ರಾತ್ರಿ 8.50)

ಮಂಜಣ್ಣ, ಆ ಸಾಲು ಮೂಲದಲ್ಲಿ ಹೀಗೆ ಕೇಳುತ್ತದೆ: ನೇರ್ ಸ್ಲೇನ್ ವಿಥ್ ದ ಸ್ಲೇಟ್ ಹಿ ಸ್ಲೇಪೆಡ್ ಇನ್ ಹಿಸ್ ಇರ್ನೆಸ್. ಸ್ಲ, ಸ್ಲ, ಸ್ಲ. ಕೆಸರಲ್ಲಿ ಬೂಟು ಜಾರಿದ ಹಾಗೆ. 'ಸ್ಲೀಟ್' ಅಂದರೆ ಮಳೆಯೂ ಅಲ್ಲದ ಹಿಮವೂ ಅಲ್ಲದ ಅದು. ನನಗೆ ಕನ್ನಡದಲ್ಲಿ ಪದ ಹೊಳೆಯುತ್ತಿಲ್ಲ. ಆಲಿಕಲ್ಲು ಬೇರೆ, ಇಬ್ಬನಿ ಬೇರೆ. 'ಮಂಜುಮಳೆ' ಅಂತ ಹಾಕಿದರೆ ಸಿನಿಮಾ ಹಾಡಿನ ಹಾಗೆ ರಮ್ಯವಾಗಿಬಿಡುತ್ತದೆ, ಪಾಪ ಗವೇನ್ ಅಲ್ಲಿ ಸಾಯುತ್ತಿದ್ದಾನೆ. ಕೈಚೆಲ್ಲಿದ್ದೇನೆ.

ಬಿಸಿಬೇಳೆ_ಭಾತ್ (ಸೋಮವಾರ, ಬೆಳಿಗ್ಗೆ 11.20)

ನಾನು ಬೇವುಲ್ಫ್ ಓದಿದ್ದು ಶೇಮಸ್ ಹೀನಿ ಅನುವಾದದಲ್ಲಿ. ಅದನ್ನು ಯಾಕೆ ಯಾರೂ ಹೇಳುತ್ತಿಲ್ಲ?

ಪದ್ಯದ ಮೊದಲ ಪದ 'ಹ್ವಾಟ್'. "ಕೇಳಿರಿ!" ಅನ್ನುವ ಹಾಗೆ ಅಂತ ಹಿಂದಿನ ಅನುವಾದಕರೆಲ್ಲ ಗಂಟೆ ಬಾರಿಸಿದರು. ಹೀನಿ ಅದನ್ನು ಬರೀ 'ಸೋ' ಅಂತ ಮಾಡಿದರು. ಸೋ, ಆಮೇಲೆ ಚುಕ್ಕಿ. ಅವರ ಕಡೆ, ಉತ್ತರ ಐರ್ಲೆಂಡಿನಲ್ಲಿ, ಮನೆಯ ಹಿರಿಯರು ಮಾತು ಶುರು ಮಾಡುವುದೇ ಹಾಗಂತೆ. ನಮ್ಮಜ್ಜ "ಹಾಂ, ಏನಾಯ್ತಪ್ಪಾ ಅಂದ್ರೆ" ಅಂತ ಶುರು ಮಾಡುತ್ತಿದ್ದರು, ಅದೇ ನೆನಪಾಯಿತು. ಇನ್ನೊಂದು ಇಷ್ಟದ ವಿಷಯ: ಬೇವುಲ್ಫ್ ಭಾಷೆಯಲ್ಲಿ 'ಥೋಲಿಯನ್' ಅಂತ ಕ್ರಿಯಾಪದ ಇದೆ. ಸಹಿಸಿಕೊಳ್ಳು ಅಂತ ಅರ್ಥ. ಇದು ಸತ್ತ ಭಾಷೆಯ ಪದ ಅಂದುಕೊಂಡಿದ್ದ ಹೀನಿಗೆ, ಅವರ ಅತ್ತೆಯೋ ಚಿಕ್ಕಮ್ಮನೋ 'ಥೋಲ್' ಅಂತ ದಿನಾ ಹೇಳುತ್ತಿದ್ದದ್ದು ನೆನಪಾಯಿತು. ಇಂಗ್ಲಿಷ್ ಬೇರೆಯವರದು ಅಂತ ಇದ್ದ ಮುಜುಗರ ಅಲ್ಲಿಗೆ ಸಡಿಲವಾಯಿತು. ಅನುವಾದ 1999ರಲ್ಲಿ ಬಂತು, ವಿಟ್‌ಬ್ರೆಡ್ ಪ್ರಶಸ್ತಿಯೂ ಬಂತು.

ಈಚೆಗೆ, 2020ರಲ್ಲಿ, ಮರಿಯಾ ದಹ್ವಾನಾ ಹೆಡ್ಲಿ ಅದೇ ಪದವನ್ನು 'ಬ್ರೋ!' ಮಾಡಿದ್ದಾರೆ. ನನ್ನ ತಮ್ಮನಿಗೆ ಓದಿಸಿದೆ. "ಮಗಾ!" ಅಂತ ಶುರು ಮಾಡಿದ ಹಾಗಿದೆ ಅಂದ.

ಹಳೇಮೇಷ್ಟ್ರು (ಸೋಮವಾರ, ಮಧ್ಯಾಹ್ನ 1.05)

ಬ್ರೋ. ಊಟ ಮುಗಿಸಿ ಮಲಗೋಣ ಅಂತಿದ್ದೆ, ನಿದ್ದೆ ಹೋಯಿತು.

ಆದರೂ ಹೇಳುತ್ತೇನೆ, ಬೇವುಲ್ಫ್‌ಗೆ ಅನುವಾದ ಬೇಕು. ಗವೇನ್‌ಗೂ ಬೇಕು. ಚಾಸರ್‌ಗೆ ಬೇಡ. ಇದು ನನ್ನ ಹಟ.

ಕ್ಯಾಂಟರ್‌ಬರಿ ಟೇಲ್ಸ್ ಶುರುವಿನಲ್ಲಿ, ಏಪ್ರಿಲ್ ಬಂತು, ಮಳೆ ಬಂತು, ಹಕ್ಕಿ ಹಾಡಿತು, ಜನ ಯಾತ್ರೆಗೆ ಹೊರಟರು ಅಂತ 18 ಸಾಲಿನ ಒಂದೇ ವಾಕ್ಯ ಇದೆ. ಅದರ ಕೊನೆಯ ಎರಡು ಸಾಲು 'ಸೇಕೆ', 'ಸೇಕೆ' ಅಂತ ಮುಗಿಯುತ್ತವೆ. ಮೊದಲ 'ಸೇಕೆ' ಅಂದರೆ ಹುಡುಕಿಕೊಂಡು ಹೋಗು. ಎರಡನೆಯದು ಕಾಯಿಲೆ. ಕಾಯಿಲೆಯಲ್ಲಿ ಕಾಪಾಡಿದ ಸಂತನನ್ನು ಹುಡುಕಿಕೊಂಡು ಜನ ಹೊರಟರು. ನಮ್ಮ ಯಮಕ ಇದು! ಬೇನೆ ಮತ್ತು ಹರಕೆ ಒಂದೇ ಸದ್ದಿನಲ್ಲಿ ಸೇರಿವೆ. ಇಂದಿನ ಇಂಗ್ಲಿಷಿನಲ್ಲಿ ಒಂದು 'ಸೀಕ್' ಆಯಿತು, ಇನ್ನೊಂದು 'ಸಿಕ್' ಆಯಿತು. ಯಮಕ ಹೋಯಿತು. ಚಾಸರನನ್ನು ಇಂದಿನ ಇಂಗ್ಲಿಷಿಗೆ ತಂದ ನೆವಿಲ್ ಕಾಗಿಲ್ ಎಷ್ಟು ಜಾಣರಾದರೇನು, ಅದನ್ನು ವಾಪಸ್ ತರಲು ಆಗುವುದಿಲ್ಲ.

ಕನ್ನಡದವರಿಗೆ ಇಲ್ಲೊಂದು ಲಾಭ ಇದೆ. ಚಾಸರ್ ಕಾಲಕ್ಕೆ ಇಂಗ್ಲಿಷ್ ಸ್ವರಗಳು ಇನ್ನೂ ಈಗಿನಂತೆ ಜಾರಿರಲಿಲ್ಲ. ಬರೆದದ್ದನ್ನು ಹೆಚ್ಚು ಕಡಿಮೆ ಹಾಗೇ ಓದಬಹುದು. 'ನೇಮ್' ಅಲ್ಲ, 'ನಾಮೆ'. 'ನೈಟ್' ಅಲ್ಲ, 'ಕ್ನಿಖ್ಟ್', ಕಕಾರ ನಕಾರ ಎರಡೂ ಬಾಯಲ್ಲಿ ಬರಬೇಕು. ನನ್ನ ತರಗತಿಯಲ್ಲಿ ಕಾನ್ವೆಂಟ್ ಮಕ್ಕಳು ಇದಕ್ಕೆ ಒದ್ದಾಡುತ್ತಿದ್ದರು. ಹಳ್ಳಿ ಶಾಲೆಯಿಂದ ಬಂದವರು ಸಲೀಸಾಗಿ ಓದುತ್ತಿದ್ದರು. ಅದುವರೆಗೆ ಅವರ ಇಂಗ್ಲಿಷ್ ಕೇಳಿ ನಗುತ್ತಿದ್ದವರ ಮುಖ ಆ ದಿನ ನೋಡಬೇಕಿತ್ತು.

ಒಂದೇ ಎಚ್ಚರ. ಪರಿಚಯದ ಪದಗಳು ಮೋಸ ಮಾಡುತ್ತವೆ. ಚಾಸರ್‌ನಲ್ಲಿ 'ನೈಸ್' ಅಂದರೆ ಪೆದ್ದ. 'ವೆರಿ' ಅಂದರೆ ತುಂಬ ಅಲ್ಲ, ನಿಜವಾದ. ಕೆಳಗೆ ಅರ್ಥಕೋಶ ಇರುವ ಪುಸ್ತಕ ತೆಗೆದುಕೊಳ್ಳಿ, ಸಾಕು.

ಮ್ಯಾಂಚೆಸ್ಟರ್_ಮಂಜ (ಸೋಮವಾರ, ರಾತ್ರಿ 11.40)

ಮೇಷ್ಟ್ರೇ, ತಪ್ಪು ತಿಳಿಯಬೇಡಿ. ನಾನು ಕಾಗಿಲ್ ಅನುವಾದ ಓದಿದ್ದೇನೆ, ಆ ಹಳೇ ಪೆಂಗ್ವಿನ್. ರಾತ್ರಿ ಪಾಳಿ ಮುಗಿಸಿ ಟ್ರಾಮ್‌ನಲ್ಲಿ ಓದುತ್ತಿದ್ದೆ. ಗಿರಣಿಯವನ ಕತೆ ಬಂದಾಗ ಒಬ್ಬನೇ ನಕ್ಕು ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು. ಅರ್ಥಕೋಶ ಹಿಡಿದು ಕೂತಿದ್ದರೆ ಆ ನಗು ಬರುತ್ತಿತ್ತಾ? ಚೇಷ್ಟೆಗೆ ಅಡಿಟಿಪ್ಪಣಿ ಹಾಕಿದರೆ ಚೇಷ್ಟೆ ಸತ್ತಹಾಗೆ. ಯಮಕ ಹೋಗಿರಬಹುದು, ನಗು ಬಂತಲ್ಲ.

ಹಳೇಮೇಷ್ಟ್ರು (ಮಂಗಳವಾರ, ಬೆಳಿಗ್ಗೆ 6.30)

ರಾತ್ರಿಯೆಲ್ಲ ಯೋಚಿಸಿದೆ. ಸರಿ, ಗಿರಣಿಯವನ ಕತೆ ಕಾಗಿಲ್‌ನಲ್ಲಿ ಓದಬಹುದು. ಅದು ಮೊದಲು ಬಿಬಿಸಿ ರೇಡಿಯೊಗೆ ಮಾಡಿದ ಅನುವಾದ, ಕಿವಿಗೆ ಚೆನ್ನಾಗಿದೆ. ಪೀಠಿಕೆ ಮಾತ್ರ ಮೂಲದಲ್ಲೇ. ಇದಕ್ಕಿಂತ ಇಳಿಯುವುದಿಲ್ಲ.

ಅಂದಹಾಗೆ ಚಾಸರ್‌ಗೇ ಈ ಸದ್ದಿನ ಪದ್ಯಗಳ ಮೇಲೆ ಸಸಾರ ಇತ್ತು. ಕ್ಯಾಂಟರ್‌ಬರಿ ಟೇಲ್ಸ್‌ನಲ್ಲಿ ಬರುವ ಪಾದ್ರಿ ಒಂದು ಕಡೆ ಹೇಳುತ್ತಾನೆ: ನಾನು ದಕ್ಷಿಣದವನಪ್ಪ, 'ರಮ್ ರಾಮ್ ರುಫ್' ಅಂತ ಅಕ್ಷರ ಜೋಡಿಸಿ ಕತೆ ಹೇಳಲು ನನಗೆ ಬಾರದು. ಉತ್ತರದವರ ಕಾವ್ಯಕ್ಕೆ ರಾಜಧಾನಿಯವನ ಕುಟುಕು. ಪಾದ್ರಿಗೆ ಅಂತ್ಯಪ್ರಾಸವೂ ಅಷ್ಟಕ್ಕಷ್ಟೇ ಅನ್ನುವುದು ಬೇರೆ ಮಾತು. ಕೊನೆಗೆ ಗದ್ಯದಲ್ಲೇ ಕೊರೆಯುತ್ತಾನೆ.

ಸಂಜೆಮಲ್ಲಿಗೆ (ಎರಡು ವಾರದ ನಂತರ, ಭಾನುವಾರ)

ಎಲ್ಲರಿಗೂ ಥ್ಯಾಂಕ್ಸ್. ಮುಗಿಸಿದೆ! ಎರಡೂ ಅನುವಾದ ಪಕ್ಕಪಕ್ಕ ಇಟ್ಟುಕೊಂಡು. ಕತೆ ಓಡಬೇಕಾದಾಗ ಆರ್ಮಿಟೇಜ್, ಕಾಡು ಚಳಿ ಕವಚ ಬಂದಾಗ ಟೋಲ್ಕಿನ್. ನನ್ನ ಗೆಳತಿಯ ಪುಸ್ತಕದಲ್ಲಿ ಎಡಪುಟದಲ್ಲಿ ಮೂಲ ಇತ್ತು. ಅರ್ಥ ಆಗದಿದ್ದರೂ ಜೋರಾಗಿ ಓದಿದೆ. ಅಡುಗೆಮನೆಯಿಂದ ಅಮ್ಮ "ಏನೇ ಅದು, ತುಳುನಾ?" ಅಂದಳು.

ಜಿಂಕೆ ಬೇಟೆ ಬಗ್ಗೆ ನನ್ನ ದೂರು ವಾಪಸ್. ಮೊದಲ ಸಲ ನಾನು ಬೇಟೆಯನ್ನು ಬಿಟ್ಟು ಬಿಟ್ಟು ಓದುತ್ತಿದ್ದೆ, ಮನೆಯೊಡತಿ ಗವೇನ್ ಮಂಚದ ಹತ್ತಿರ ಬಂದು ಕೂರುವ ಭಾಗ ಮಾತ್ರ ಓದುತ್ತಿದ್ದೆ. ಎರಡನ್ನೂ ಸೇರಿಸಿ ಓದಿದ ಮೇಲೆ ಹೊಳೆಯಿತು. ಹೊರಗೆ ಗಂಡ ಬೇಟೆ ಆಡುತ್ತಾನೆ, ಒಳಗೆ ಹೆಂಡತಿ. ಮೊದಲ ದಿನ ಬೆದರಿದ ಜಿಂಕೆಗಳು. ಎರಡನೇ ದಿನ ಎದುರು ನಿಲ್ಲುವ ಹಂದಿ. ಮೂರನೇ ದಿನ ನರಿ, ಅವತ್ತೇ ಗವೇನ್, ಪ್ರಾಣ ಕಾಯುತ್ತದೆ ಅಂತ ಮನೆಯೊಡತಿ ಕೊಟ್ಟ ಹಸಿರು ಸೊಂಟಪಟ್ಟಿಯನ್ನು ಅವಳ ಗಂಡನಿಗೆ ಹೇಳದೆ ಬಚ್ಚಿಟ್ಟುಕೊಳ್ಳುತ್ತಾನೆ. ಆ ಕರುಳು ಪಕ್ಕೆಲುಬು ಎಲ್ಲ ಅಷ್ಟು ವಿವರವಾಗಿ ಬರೆದದ್ದು ಸುಮ್ನೆ ಅಲ್ಲ. ಇವನನ್ನೂ ಹಾಗೇ ಬಿಡಿಸುತ್ತಾರಾ ಅಂತ ಎದೆ ಡವಗುಟ್ಟುತ್ತಿತ್ತು.

ಕೊನೆಯಲ್ಲಿ ಕುತ್ತಿಗೆಗೆ ಬಿದ್ದ ಸಣ್ಣ ಗೀರಿಗೆ ಅವನು ನಾಚಿ ಸಾಯುತ್ತಾನೆ, ಆಸ್ಥಾನದವರೆಲ್ಲ ನಕ್ಕು ತಾವೂ ಹಸಿರು ಪಟ್ಟಿ ಕಟ್ಟಿಕೊಳ್ಳುತ್ತಾರೆ. ಸಿನಿಮಾದಲ್ಲಿ ಹೀಗಿಲ್ಲ. ನನಗೆ ಪದ್ಯದ್ದೇ ಇಷ್ಟವಾಯಿತು. ಎಲ್ಲರೂ ಕ್ಷಮಿಸಿದ್ದಾರೆ, ಅವನೊಬ್ಬನಿಗೆ ಆಗುತ್ತಿಲ್ಲ.

ಅದೇ ಕೈಬರಹದಲ್ಲಿ 'ಪರ್ಲ್' ಅಂತ ಇನ್ನೊಂದು ಪದ್ಯ ಇದೆಯಂತಲ್ಲ, ಓದಬಹುದಾ?

ಕಿತ್ತಳೆಸಿಪ್ಪೆ (ಅದೇ ದಿನ, ಸಂಜೆ)

ಅಕ್ಕ, ಓದಿ. ಆದರೆ ಬೇರೆ ಥರದ್ದು. ಎರಡು ವರ್ಷ ತುಂಬದ ಮಗಳನ್ನು ಕಳೆದುಕೊಂಡ ಅಪ್ಪನ ಪದ್ಯ. ಮುತ್ತು ಕೈಜಾರಿ ಹುಲ್ಲಿಗೆ ಬಿತ್ತು ಅಂತ ಹೇಳುತ್ತಾನೆ, ಮಗಳು ಅಂತ ನೇರ ಹೇಳುವುದಿಲ್ಲ. ಆ ಜಾಗದಲ್ಲೇ ನಿದ್ದೆ ಹೋಗುತ್ತಾನೆ, ಕನಸಿನಲ್ಲಿ ಹೊಳೆಯ ಆಚೆ ದಡದಲ್ಲಿ ಅವಳು ಕಾಣುತ್ತಾಳೆ. ದಾಟಲು ಆಗುವುದಿಲ್ಲ.

ಕಟ್ಟುವ ರೀತಿ ಅಂತ್ಯಾಕ್ಷರಿ ಥರ, ಅಕ್ಷರದ ಬದಲು ಪದ. ಒಂದು ಚರಣದ ಕೊನೆಯ ಪದ ಮುಂದಿನದರ ಮೊದಲ ಸಾಲಿಗೆ ಬರಲೇಬೇಕು. ಮೊದಲ ಐದು ಚರಣಕ್ಕೆ ಆ ಪದ 'ಸ್ಪಾಟ್'. ಅದಕ್ಕೆ ಎರಡರ್ಥ: ಕಳಂಕ ಮತ್ತು ಜಾಗ. ಕಳಂಕವಿಲ್ಲದ ಮುತ್ತು, ಅದು ಬಿದ್ದ ಜಾಗ, ಒಂದೇ ಪದ. ಇಂಗ್ಲಿಷ್ ಅನುವಾದಕರಿಗೆ ಪುಣ್ಯ, ಆ ಪದ ಎರಡೂ ಅರ್ಥದಲ್ಲಿ ಇನ್ನೂ ಬದುಕಿದೆ. ಕನ್ನಡಕ್ಕೆ ತಂದರೆ? ಒಂದು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ. 'ಕಲೆ' ಮತ್ತು 'ನೆಲೆ' ಅಂತ ಜೋಡಿ ಮಾಡಬಹುದಾ ಮೇಷ್ಟ್ರೇ? ಒಂದೇ ಪದ ಅಲ್ಲ, ಆದರೆ ಕಿವಿಗೆ ಒಡಹುಟ್ಟಿದವು.

ಹಳೇಮೇಷ್ಟ್ರು (ಅದೇ ದಿನ, ರಾತ್ರಿ)

ಕಲೆಯಿಲ್ಲದ ಮುತ್ತು, ಮುತ್ತಿನ ನೆಲೆ. ಇದಕ್ಕೆ ನನ್ನ ತಕರಾರಿಲ್ಲ. ಬರೆದು ಮುಗಿಸಿ, ನಾನಿರುವಾಗಲೇ ತೋರಿಸಿ.

ಕಿತ್ತಳೆಸಿಪ್ಪೆ (ಅದೇ ದಿನ, ರಾತ್ರಿ)

ಧೈರ್ಯ ಬಂತು. ಹಾಗಾದರೆ ಗವೇನ್ ಮೊದಲ ಚರಣದ ಬಾಬ್ ಕೂಡ ಹಾಕಿಬಿಡುತ್ತೇನೆ. ಟ್ರಾಯ್ ವಂಶದ ಬ್ರೂಟಸ್ (ಸೀಸರನನ್ನು ಕೊಂದವನಲ್ಲ) ಬಂದು ಬ್ರಿಟನ್ ನಾಡು ಕಟ್ಟಿದ, ಮೂಲದಲ್ಲಿ ಎರಡೇ ಅಕ್ಷರದಲ್ಲಿ 'ಖುಷಿಯಿಂದ', ಆಮೇಲೆ ನಾಲ್ಕು ಸಾಲು:

ನಲಿದು.
ಕದನ ಕೇಡು ಕೌತುಕ
ಬಂದು ಬಂದು ಸುಳಿದು,
ಸುಖದ ಹಿಂದೆ ಸೂತಕ
ಸರದಿಯಲ್ಲಿ ಕಳೆದು.

ಸುಮ್ನೆ_ಓದುಗ (ಅದೇ ದಿನ, ರಾತ್ರಿ)

ವಾಹ್! ಇದನ್ನು ಗದ್ಯದಲ್ಲಿ ಬರೆಯಿರಿ ಅಂದಿದ್ದು ನಾನಲ್ಲ.

ಹಳೇಮೇಷ್ಟ್ರು (ಅದೇ ದಿನ, ರಾತ್ರಿ)

ಸೂತಕ ಎಲ್ಲಿಂದ ಬಂತಪ್ಪ?